ಹದಿನೆಂಟನೆಯ ಸಾಲು

“ಗಂಡ ಯಾರಬೇ ನಿನಗ? ಒಬ್ಬನ ಹೆಸರು ಹೇಳು. ಊರ ಗಂಡಸರ ಯಾದಿ ಕೇಳಿಲ್ಲ ನಾ.”

ತಾಲೂಕು ಕಚೇರಿಯ ಗುಮಾಸ್ತ ಪ್ರಭಂಜನರಾಯ ತಲೆ ಎತ್ತದೆ ಇಷ್ಟು ಹೇಳಿದ. ಕಚೇರಿಯವರು ನಕ್ಕರು. ಸರತಿಯಲ್ಲಿ ನಿಂತಿದ್ದ ನಮ್ಮ ಕೇರಿಯವರಲ್ಲೂ ಇಬ್ಬರು ನಕ್ಕರು. ಒಬ್ಬ ನಾನು.

“ಗಂಡ ಇಲ್ರಿ,” ಅಂದಳು ಅನ್ನವ್ವ.

“ಸತ್ತಾನೇನು?”

“ಇದ್ದಿದ್ರ ಸಾಯ್ತಿದ್ದ.”

“ಅಪ್ಪನ ಹೆಸರು?”

“ಅವ್ವನೂ ನನ್ನಂಗ ಜೋಗತಿ ಇದ್ಲ್ರಿ. ಅಪ್ಪನ್ನ ಕೇಳಬ್ಯಾಡ್ರಿ.”

ಪ್ರಭಂಜನರಾಯ ನಡುವಿನ ಕಾಲಂ ಖಾಲಿ ಬಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ. ಅನ್ನವ್ವ ಬೆರಳನ್ನು ಅವನ ಗೋಡೆಗೆ ಒರೆಸಿ ಹೊರಗೆ ಬಂದಳು.

ಉಳುವವನಿಗೇ ಹೊಲ ಅಂತ ಸರಕಾರ ಕಾಯ್ದೆ ಮಾಡಿದ ವರ್ಷ ಅದು. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುತ್ತಿದ್ದವರೆಲ್ಲ ಅರ್ಜಿ ಕೊಡಬೇಕು. ಅರ್ಜಿ ಕೊಟ್ಟವರ ಹೆಸರು ಊರ ಚಾವಡಿಯ ಹಲಗೆಗೆ ಬರಬೇಕು. ಹಲಗೆಗೆ ಬಂದವರಿಗೆ ವಿಚಾರಣೆ, ಬರದವರಿಗೆ ಇಲ್ಲ. ಅನ್ನವ್ವ ಶಂಭುಲಿಂಗಪ್ಪಗೌಡರ ಮೂರೆಕರೆ ಎರಿಹೊಲವನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಳು. ಹತ್ತಿ ಬೆಳೆದರೆ ಹತ್ತಿಯಲ್ಲಿ ಅರ್ಧ, ಜೋಳ ಬೆಳೆದರೆ ಜೋಳದಲ್ಲಿ ಅರ್ಧ ಗೌಡರ ಮನೆಗೆ. ಆ ಹೊಲ ಬಿಟ್ಟರೆ ಅವಳಿಗೆ ಇದ್ದದ್ದು ಒಂದು ಗುಡಿಸಲು, ಅದೂ ಗೌಡರ ಹಿತ್ತಿಲಲ್ಲಿ.

ಹದಿನೈದು ದಿನಕ್ಕೆ ಯಾದಿ ಬಂತು. ಸಾಲಿ ಕಲಿತವನು ಅಂತ ನನ್ನನ್ನೇ ಓದಲು ನಿಲ್ಲಿಸಿದರು. ಹದಿನೇಳು ಓದಿದೆ. ಹದಿನೆಂಟಕ್ಕೆ ನಂಬರ್ ಮಾತ್ರ ಇತ್ತು, ಮುಂದೆ ಬಿಳಿ ಕಾಗದ. ಹತ್ತೊಂಬತ್ತು ಓದಿದೆ.

“ಹದಿನೆಂಟು ಯಾರು?” ಅಂದಳು ಅನ್ನವ್ವ.

“ಯಾರೂ ಇಲ್ಲ ದೊಡ್ಡವ್ವ.”

“ಹಂಗಾದ್ರ ನಾನ.”

ಮರುದಿನ ಹನ್ನೆರಡು ಮೈಲು ನಡೆದು ಮತ್ತೆ ಕಚೇರಿಗೆ ಹೋದೆವು. ಪ್ರಭಂಜನರಾಯ ಅವತ್ತು ಒಳ್ಳೆಯ ಲಹರಿಯಲ್ಲಿದ್ದ, ರಿಜಿಸ್ಟರ್ ತೆಗೆದು ತೋರಿಸಿದ.

“ನೋಡವಾ, ಇಲ್ಲಿ ಮೂರು ಕಾಲಂ ಅವ. ನಿನ್ನ ಹೆಸರು ಒಂದು, ಗಂಡಂದೋ ಅಪ್ಪಂದೋ ಒಂದು, ಅಡ್ಡಹೆಸರು ಒಂದು. ಚಾವಡಿ ಯಾದಿಯೊಳಗ ಇರೋದು ಒಂದ ಸಾಲು. ಮೂರೂ ಕೂಡಿಸಿ ಆ ಒಂದು ಸಾಲು ಮಾಡಬೇಕು ನಾ. ನಿಂದು ನಡಕಿಂದು ಖಾಲಿ ಅದ. ಖಾಲಿ ಕೂಡಿಸಿದ್ರ ಎಲ್ಲಾ ಖಾಲಿ.”

“ಮದಲಿಂದು ಐತೆಲ್ರಿ, ಅನ್ನವ್ವ ಅಂತ. ಕಡೀದೂ ಐತಿ, ಮಾದರ ಅಂತ.”

“ಅನ್ನವ್ವ ಮಾದರ ಅಂದ್ರ ಹತ್ತು ಮಂದಿ ಇರ್ತಾರ. ಯಾರಾಕಿ ಅಂತ ಬ್ಯಾಡಾ?”

“ನನ್ನಾಕಿ ನಾನರಿ.”

“ಅದಕ್ಕ ಕಾಲಂ ಇಲ್ಲ.”

ನಾವು ಊರಿಗೆ ಬರುವ ಹೊತ್ತಿಗೆ ಗೌಡರಿಗೆ ಸುದ್ದಿ ಮುಟ್ಟಿತ್ತು. ಕಟ್ಟೆಯ ಮೇಲೆ ಕುಂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಏ ಹಡಸಿ, ಬಾ ಇಲ್ಲಿ. ಇನ್ನೊಂದು ಕಾಗದ ಮಾಡಿಸೇನಿ. ಲಾವಣಿದಾಕಿ ಅಲ್ಲ, ಗೌಡ್ರ ಮನಿ ಕೂಲಿ ಆಳು ಅಂತ ಐತಿ. ಅದಕ್ಕ ಗಂಡನೂ ಬ್ಯಾಡ, ಅಪ್ಪನೂ ಬ್ಯಾಡ. ಹೆಬ್ಬೆಟ್ಟು ಒತ್ತು, ವರ್ಷಕ್ಕ ಎರಡು ಸೀರಿ ತಗೋ.”

“ಬೆರಳು ನೋಯ್ತೈತ್ರಿ,” ಅಂದು ಅನ್ನವ್ವ ಮುಂದೆ ನಡೆದಳು.

ಮೂರನೆಯ ಸಲ ಅವಳು ಕಚೇರಿಗೆ ಹೋದಾಗ ಯಾರೂ ಏನೂ ಕೇಳುವ ಮೊದಲೇ ಹೇಳಿದಳು: “ಬರ್ಕೋರಿ. ಗಂಡ, ಎಲ್ಲಮ್ಮದೇವಿ.”

ಪ್ರಭಂಜನರಾಯ ಪೆನ್ನು ಕೆಳಗಿಟ್ಟ. “ಎಲ್ಲಮ್ಮ ಹೆಣ್ಣದೇವರು ಅಲ್ಲೇನಬೇ?”

“ಅದನ್ನ ನಾನೂ ಕೇಳಿದ್ನಿರಿ, ಕೊಳ್ಳಾಗ ಮುತ್ತು ಕಟ್ಟೂ ದಿನ. ಹನ್ನೊಂದು ವರ್ಷದಾಕಿ ಇದ್ದೆ. ದೇವರನ್ನ ಲಗ್ನ ಆದಾಕಿ ಬಾಯಿ ಮುಚ್ಚು ಅಂದ ಪೂಜಾರಿ. ಆವತ್ತಿಂದ ಮುಚ್ಚೇನಿ.”

ಅವನು ಬರೆದುಕೊಂಡ. ಚಹಾದ ಹೊತ್ತಿಗೆ ಮಂದಿಗೆ ತೋರಿಸಿ ನಗಲು ಆದೀತು ಅಂತ ಬರೆದುಕೊಂಡಿರಬೇಕು. ಆದರೆ ಕಾಲಂ ತುಂಬಿತ್ತು. ತುಂಬಿದ ಮೇಲೆ ಸಾಲು ಕೂಡಿತು. ಮುಂದಿನ ವಾರ ಬಂದ ತಿದ್ದಿದ ಯಾದಿಯಲ್ಲಿ ಹೀಗಿತ್ತು: ೧೮. ಅನ್ನವ್ವ ಗಂಡ ಎಲ್ಲಮ್ಮದೇವಿ ಮಾದರ.

ನಾನು ಓದಿದೆ. ಯಾರೂ ನಗಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಮುದುಕಿ ಉಡಿಯಿಂದ ಎಲ್ಲಮ್ಮನ ಅರಿಸಿನದ ಭಂಡಾರ ಒಂದು ಚಿಟಿಕೆ ತೆಗೆದು ಹದಿನೆಂಟನೆಯ ಸಾಲಿಗೆ ಹಚ್ಚಿ, ಉಳಿದದ್ದನ್ನು ಹಣೆಗೆ ಇಟ್ಟುಕೊಂಡಳು. ಮಂಗಳವಾರ ಗೌಡರ ಓಣಿಯ ಹೆಂಗಸರೂ ಬಂದರು. ಶುಕ್ರವಾರದ ಹೊತ್ತಿಗೆ ಯಾದಿಯ ಅರ್ಧಭಾಗ ಹಳದಿಯಾಗಿತ್ತು.

“ಹರದು ಒಗೀಲೇ ಅದನ್ನ,” ಅಂದರು ಗೌಡರು, ಚಾವಡಿ ಕಾಯುವ ಬುಡನಸಾಬನಿಗೆ.

“ಸರಕಾರಿ ಕಾಗದ ಐತ್ರಿ. ಮ್ಯಾಲ ನಿಮ್ಮ ದೇವರು ಐತ್ರಿ. ನೀವ ಹರೀರಿ, ನಾ ಆ ಕಡಿ ಮಾರಿ ಮಾಡಿ ನಿಂದ್ರತೀನಿ.”

ಗೌಡರು ಹರಿಯಲಿಲ್ಲ. ವಕೀಲರನ್ನು ಹಿಡಿದರು.

ವಿಚಾರಣೆಯ ದಿನ ತೀರ್ಪು ಕೊಡುವ ಸಾಹೇಬರು ನಡುವೆ ಕುಂತಿದ್ದರು. ಪ್ರಭಂಜನರಾಯ ಬಾಜು ನಿಂತಿದ್ದ. ಅವತ್ತು ಅವನ ಮುಖದಲ್ಲಿ ನಗು ಇರಲಿಲ್ಲ. ಗೌಡರ ವಕೀಲರು ಎದ್ದು, ಅರ್ಜಿದಾರಳ ಗಂಡ ಅಂತ ಬರೆಸಿದ ವ್ಯಕ್ತಿಯೇ ಇಲ್ಲ, ನಡುವಿನ ಹೆಸರು ಸುಳ್ಳು, ಒಂದು ಸುಳ್ಳಾದರೆ ಸಾಲೆಲ್ಲ ಸುಳ್ಳು, ಅರ್ಜಿ ತೆಗೆದುಹಾಕಬೇಕು ಅಂದರು.

“ಏನಂತೀಯಮ್ಮ?” ಅಂದರು ಸಾಹೇಬರು.

“ಸಾಹೇಬ್ರ, ಈ ಗೌಡ್ರ ಅಪ್ಪಾರು ಖರ್ಚು ಹಾಕಿ ನನಗ ಮುತ್ತು ಕಟ್ಟಿಸಿದ್ರು. ಈ ಗೌಡ್ರು ಅವಾಗ ಹರೇದ ಹುಡುಗ, ಬಾಜುಕ ನಿಂತು ಅಕ್ಕಿಕಾಳು ಒಗದಾರ. ಮುಂದ ಕುಬಿಹಾಳದ ಒಬ್ಬಾಂವ ನನ್ನ ಲಗ್ನ ಆಗ್ತೀನಿ ಅಂತ ಬಂದ. ಮುತ್ತು ಕಟ್ಟಿದಾಕಿಗೆ ಗಂಡ ಅದಾನ ಅಂತ ಅವನ್ನ ಕಂಬಕ್ಕ ಕಟ್ಟಿ ಹೊಡದ್ರು. ಕಾಲು ಮುರೀತು. ಹೊಡದವ್ರು ಇವ್ರ.”

ಗೌಡರು ವಕೀಲರ ಮುಖ ನೋಡಿದರು.

“ಅವಾಗ ಇದ್ದ ಗಂಡ ಈಗ ಹೆಂಗ ಇಲ್ಲಾಗ್ಯಾನ ಅಂತ ಕೇಳ್ರಿ.”

ಅನ್ನವ್ವ ಎರಡೂ ಕೈ ಹಿಂದೆ ಒಯ್ದು ಕೊರಳಿನ ಗಂಟು ಬಿಚ್ಚಿದಳು. ಕೆಂಪು ಬಿಳಿ ಮುತ್ತಿನ ಸರವನ್ನು ತನ್ನ ಅರ್ಜಿಯ ಮೇಲೆ ಇಟ್ಟಳು. ಬಾಗಿಲಲ್ಲಿ ನಿಂತಿದ್ದ ನಮ್ಮೂರ ಮಂದಿ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಹಣೆಯ ಮೇಲೆ ಇನ್ನೂ ಭಂಡಾರ ಇತ್ತು. ಗೌಡರ ಹೆಂಡತಿ ಕಸ್ತೂರೆವ್ವನೂ ಅಲ್ಲಿದ್ದಳು.

“ಗೌಡ್ರು ಕೈಯಾರೆ ಬರದು ಸಹಿ ಮಾಡ್ಲಿ. ಎಲ್ಲಮ್ಮದೇವಿ ಅನ್ನಾಕಿ ಇಲ್ಲ, ಕಟ್ಟಿಸಿದ್ದು ಸುಳ್ಳು, ಹೊಡದದ್ದು ಸುಳ್ಳಿನ ಮ್ಯಾಲ ಅಂತ. ನಾ ನಡಕಿನ ಹೆಸರು ತಗಸ್ತೀನಿ.”

“ಇದನ್ನ ತಗೊಳ್ಳಮ್ಮ ಮೊದಲು,” ಅಂದರು ಸಾಹೇಬರು, ಸರ ಮುಟ್ಟದೆ.

“ಕಟ್ಟಿಸಿದವರು ತಗೋಳ್ಳಿ.”

ಸಾಹೇಬರು ಒಂದು ಬಿಳಿ ಹಾಳೆಯನ್ನು ಗೌಡರ ಮುಂದೆ ದೂಡಿದರು. ಗೌಡರು ಪೆನ್ನಿನ ಟೋಪಿ ತೆಗೆದರು. ಬಾಗಿಲ ಕಡೆ ನೋಡಿದರು. ಟೋಪಿ ಹಾಕಿದರು. ವಕೀಲರು ಕಿವಿಯಲ್ಲಿ ಏನೋ ಅಂದಮೇಲೆ ಮತ್ತೆ ತೆಗೆದರು.

“ಬರೀರಿ ಗೌಡ್ರ,” ಅಂದಳು ಅನ್ನವ್ವ. “ನಿಂತೇನಿ ನಾ.”