ಉಲ್ಕಾನ್ ಅಪಾ ಹೇಳದ ಹೆಸರು

ಒಂದು ಡಯಾಪರ್‌ಗೆ ನಲವತ್ತು ಸೋಮ್. ಬೆನ್ನುಹುಣ್ಣಿನ ಮುಲಾಮಿಗೆ ಮುನ್ನೂರು. ಒಬ್ಬರನ್ನು ಮಗ್ಗುಲು ಹೊರಳಿಸಿ ಮೈ ಒರೆಸಲು ಇಬ್ಬರು ಆಯಾಗಳಿಗೆ ಅರ್ಧ ಗಂಟೆ. ಹೆಸರು ಹಿಡಿದು, ತಾಯಿಗೆ ಹೇಳುವಂತೆ ‘ಅಪಾ’ ಎನ್ನಲು ಏನೂ ಖರ್ಚಿಲ್ಲ. ಆದರೂ ನಮ್ಮ ವೃದ್ಧಾಶ್ರಮದಲ್ಲಿ ಎಲ್ಲರನ್ನೂ ಮಂಚದ ನಂಬರಿನಿಂದ ಕರೆಯುತ್ತಿದ್ದೆವು. ಒಂಬತ್ತು ಒದ್ದೆ ಮಾಡಿಕೊಂಡಿದೆ, ಹನ್ನೆರಡು ಗಂಜಿ ಕುಡಿದಿಲ್ಲ. ನಾನೂ ಹಾಗೆ ಅಂದವಳೇ.

ಒಂಬತ್ತನೇ ಮಂಚದಲ್ಲಿದ್ದವರು ಉಲ್ಕಾನ್. ನಮ್ಮ ಕಿರ್ಗಿಜ್ ನಾಡಿನ ನಾರಿನ್ ಬೆಟ್ಟದ ಕುರಿಗಾರರ ಮನೆಯ ಸೊಸೆ, ಎಂಬತ್ತೊಂದು ವರ್ಷ. ಕೋಲೂರಿಕೊಂಡು ತಾವೇ ಅಂಗಳಕ್ಕೆ ಹೋಗಿ ಬಿಸಿಲಲ್ಲಿ ಚಹಾ ಕುಡಿಯುತ್ತಿದ್ದರು. ನಂಬರ್ ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಕಿವಿ ಮಂದ ಎಂದುಕೊಂಡಿದ್ದೆವು.

ವಸಂತದಲ್ಲಿ ಡಾಕ್ಟರ್ ಮೀರ್ಗುಲ್ ನೆನಪಿನ ಪರೀಕ್ಷೆಗೆ ಬಂದರು. ಮರೆವಿನ ರೋಗ ಎಂದು ಬರೆದರೆ ಕಟ್ಟಡದ ಹಿಂಭಾಗದ ಬೀಗದ ವಾರ್ಡಿಗೆ ಹಾಕುತ್ತಾರೆ. ಬಿದ್ದಾರೆಂಬ ಭಯಕ್ಕೆ ಅಲ್ಲಿ ಯಾರನ್ನೂ ಮಂಚದಿಂದ ಇಳಿಯಗೊಡುವುದಿಲ್ಲ.

“ನಿನ್ನ ಗಂಡನ ಹೆಸರೇನಜ್ಜಿ?”

ಉಲ್ಕಾನ್ ಸುಮ್ಮನಿದ್ದರು. ಮಾವನ ಹೆಸರು ಕೇಳಿದಾಗಲೂ ಅಷ್ಟೇ. ಡಾಕ್ಟರ್ ತೋಳದ ಚಿತ್ರ ತೋರಿಸಿದರು.

“ಊಳಿಡೋದು,” ಎಂದರು ಉಲ್ಕಾನ್.

ಮೂರಕ್ಕೂ ಸೊನ್ನೆ ಬಿತ್ತು.

ನಾನು ಬೋಗುಣಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಮ್ಮ ಬೆಟ್ಟದ ಕಡೆ ಸೊಸೆಯಾದವಳು ಗಂಡ, ಮಾವ, ಭಾವಂದಿರ ಹೆಸರನ್ನು ಸಾಯುವ ತನಕ ಬಾಯಲ್ಲಿ ತರುವುದಿಲ್ಲ. ಭಾವನ ಹೆಸರಿನಲ್ಲಿ ತೋಳ ಎಂಬ ಪದ ಸೇರಿದ್ದರೆ ಕಾಡಿನ ತೋಳಕ್ಕೂ ಬೇರೆ ಮಾತು ಹುಡುಕಬೇಕು. ಡಾಕ್ಟರೂ ಕಿರ್ಗಿಜ್ ಹೆಣ್ಣೇ ತಾನೆ, ಗೊತ್ತಿರುತ್ತದೆ ಎಂದುಕೊಂಡೆ. ಅವರು ಬಿಷ್ಕೆಕ್ ಶಹರದಲ್ಲೇ ಬೆಳೆದವರು ಎಂಬುದು ಹೊಳೆಯಲಿಲ್ಲ. ಆಯಾ ಆದವಳು ಡಾಕ್ಟರಿಗೆ ಹೇಳಿಕೊಡುವುದೇ ಎಂಬ ಅಳುಕೂ ಇತ್ತು.

ಮರುದಿನ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದೆ. ಮೂರು ವಾರ ಬಿಟ್ಟು ಬಂದಾಗ ಒಂಬತ್ತನೇ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು.

ನೇರ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಅವತ್ತೇ ಯಾಕೆ ಹೇಳ್ಲಿಲ್ಲ ನೀವು?”

“ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ.”

ಹೇಗೆ ಕೇಳಬೇಕೆಂದು ನನ್ನಿಂದಲೇ ತಿಳಿದುಕೊಂಡು ಬೀಗದ ವಾರ್ಡಿಗೆ ಬಂದರು. ಸ್ಟೂಲು ಎಳೆದುಕೊಂಡು ಮಂಚದ ಮಟ್ಟಕ್ಕೆ ಕೂತರು.

“ಉಲ್ಕಾನ್ ಅಪಾ, ಹೆಸರುಗಳನ್ನ ನಾನೇ ಹೇಳ್ತೀನಿ. ನಿಮ್ಮ ಮನೆಯವರದು ಬಂದಾಗ ತಲೆ ಆಡಿಸಿ, ಸಾಕು.”

ದಾಖಲೆಯಲ್ಲಿದ್ದ ಹೆಸರುಗಳ ನಡುವೆ ಬೇರೆಯವನ್ನೂ ಬೆರೆಸಿ ಓದುತ್ತಾ ಹೋದರು. ಗಂಡನ ಹೆಸರು ಜೂಮಾಬೆಕ್ ಎಂದಾಗ ಉಲ್ಕಾನ್ ತಲೆಯ ಬಟ್ಟೆ ಸರಿಮಾಡಿಕೊಂಡು ತಲೆ ಆಡಿಸಿದರು. ಮಾವನ ಹೆಸರಿಗೂ, ಭಾವನ ಹೆಸರಿಗೂ ಆಡಿಸಿದರು. ಒಂದೂ ತಪ್ಪಲಿಲ್ಲ.

“ಮೊದಲೇ ಹೀಗೆ ಕೇಳಿದ್ರೆ ನಮ್ಮ ನಾಯಿಗಳ ಹೆಸರೂ ಹೇಳ್ತಿದ್ದೆ ಮಗಳೇ,” ಎಂದರು. “ಓದಿದವಳು, ಅಷ್ಟೂ ಗೊತ್ತಾಗಲ್ವಾ ನಿನಗೆ?”

ಡಾಕ್ಟರ್ ತಲೆ ತಗ್ಗಿಸಿ, ಹಳೆಯ ಹಾಳೆಗೆ ಅಡ್ಡಗೆರೆ ಎಳೆದರು.

ಅಂದೇ ಉಲ್ಕಾನ್ ಅವರನ್ನು ಹಳೆಯ ಕೋಣೆಗೆ ತಂದೆವು. ನಿಲ್ಲಿಸಲು ನೋಡಿದರೆ, ವಾರಗಟ್ಟಲೆ ಮಲಗಿಯೇ ಇದ್ದುದಕ್ಕೆ ಮೊಣಕಾಲುಗಳು ಮಡಚಿಕೊಂಡವು. ಎರಡು ತಿಂಗಳು ಕಾಲು ತಿಕ್ಕಿದೆವು, ಕೈಹಿಡಿದು ಎಬ್ಬಿಸಿದೆವು.

ಈಗ ನಮ್ಮಲ್ಲಿ ಯಾರನ್ನೂ ನಂಬರಿನಿಂದ ಕರೆಯುವುದಿಲ್ಲ. ಪರೀಕ್ಷೆಯ ದಿನ ಬೆಟ್ಟದ ಕಡೆಯ ಆಯಾ ಒಬ್ಬಳು ಡಾಕ್ಟರ ಪಕ್ಕದಲ್ಲಿ ಕೂರುತ್ತಾಳೆ. ಉಲ್ಕಾನ್ ಅಪಾ ಮತ್ತೆ ನಡೆಯಲಿಲ್ಲ.