ತುಳಿದ ರಾಶಿ

ಚಳಿ ಇನ್ನೂ ಬಿಡದ ದಿನಗಳು, ಬೆಳಗಿನ ಆರೂವರೆ. ಸಸಿ ತೋಟದ ಹಿಂದಿದ್ದ ಗೊಬ್ಬರದ ರಾಶಿಯ ಮೇಲೆ ಅವತ್ತು ಹಬೆ ಇರಲಿಲ್ಲ.

ಒಣ ಎಲೆ, ಹಸಿ ಹುಲ್ಲು, ಸಗಣಿ ಪದರ ಪದರವಾಗಿ ಹಾಕಿದರೆ ರಾಶಿ ತಾನೇ ಕಾಯುತ್ತದೆ. ಎಲೆ ಬೇಸಿಗೆಯಲ್ಲಿ ಕುಡಿದ ಬಿಸಿಲೇ ಹೀಗೆ ಹೊರಗೆ ಬರುತ್ತದೆ ಎನ್ನುತ್ತಿದ್ದರು ನಮ್ಮ ಮೇಸ್ತ್ರಿ. ಆ ಕಾವಿನ ಮೇಲೆ ತಟ್ಟೆಗಳನ್ನಿಟ್ಟು ಬೀಜ ಮೊಳೆಸುತ್ತಿದ್ದೆವು. ಆ ವರ್ಷ, ಮಣ್ಣು ಕುಸಿದ ಬೆಟ್ಟದ ಇಳಿಜಾರಿಗೆ ಸಾವಿರ ಸಸಿ ಕೊಡುತ್ತೇನೆಂದು ಮೇಸ್ತ್ರಿ ಮಾತು ಕೊಟ್ಟಿದ್ದರು. ತಪ್ಪಿದರೆ ಅವರ ಕೆಲಸ ಹೋಗುತ್ತದೆ ಎಂದು ತೋಟದ ಮೇಲಧಿಕಾರಿ ಸಾಹೇಬರು ಎಲ್ಲರೆದುರೇ ಹೇಳಿದ್ದರು.

ಕಬ್ಬಿಣದ ಸಲಾಕೆಯನ್ನು ರಾಶಿಯೊಳಗೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿದೆ. ತಣ್ಣಗಿತ್ತು.

ಹೊಸದಾಗಿ ಕೆಲಸಕ್ಕೆ ಸೇರಿದ್ದ ನನ್ನ ಸೊಸೆ ಬಗ್ಗಿ ಮೂಸಿದಳು. "ಥೂ, ಕೊಳೆತ ಮೊಟ್ಟೆ ವಾಸನೆ! ಏನ್ ಮಾಡಿದ್ರಿ ಅತ್ತೆ?"

"ಚಳಿ ಜಾಸ್ತಿ ಆಯ್ತಲ್ಲ, ಬಿಸಿ ಹೊರಗೆ ಹೋಗದೆ ಇರ್ಲಿ ಅಂತ ಚೆನ್ನಾಗಿ ತುಳಿದು ಒದ್ದೆ ಮಣ್ಣು ಮೆತ್ತಿದೆ."

"ಒಲೆ ಬಾಯಿಗೆ ಮಣ್ಣು ಮೆತ್ತಿದ್ರೆ ಬೆಂಕಿ ಉರಿಯುತ್ತಾ? ಅದಕ್ಕೂ ಉಸಿರು ಬೇಡ್ವಾ?"

"ಮೊನ್ನೆ ಬಂದವಳು, ಮೂವತ್ತು ವರ್ಷ ಮಾಡಿದವಳಿಗೆ ಹೇಳ್ಕೊಡ್ತೀಯಾ?"

"ಬೈಯಿರಿ. ಬೈತಾ ಬೈತಾ ಆ ಸಲಿಕೆ ಕೊಡಿ."

ಮೇಸ್ತ್ರಿ ಬಂದರು, ಕೇಳಿದರು, ಅಂಗಿಯ ತೋಳು ಮಡಚಿದರು. ಮೂವರೂ ಮಧ್ಯಾಹ್ನದವರೆಗೆ ರಾಶಿಯನ್ನು ಬಗೆದು, ಒಣ ಹುಲ್ಲು ಬೆರೆಸಿ, ಸಡಿಲವಾಗಿ ಮತ್ತೆ ಒಟ್ಟಿದೆವು. ಮೂರನೇ ಬೆಳಿಗ್ಗೆ ಹಬೆ ಎದ್ದಿತು. ಅಷ್ಟರಲ್ಲಿ ಕಾವಿಲ್ಲದೆ ತಟ್ಟೆಗಳಲ್ಲಿ ಆರುನೂರು ಬೀಜ ಕೊಳೆತಿದ್ದವು. ಹೊಸದಾಗಿ ಬಿತ್ತಲು ಬೀಜವಿರಲಿಲ್ಲ.

"ಯಾರ ಕೆಲಸ ಇದು?" ಎಂದು ಸಾಹೇಬರು ಕೇಳಿದಾಗ ನಾನು ಬಗ್ಗಿ ತಟ್ಟೆ ಜೋಡಿಸತೊಡಗಿದೆ.

"ನಂದೇ," ಎಂದರು ಮೇಸ್ತ್ರಿ. "ತುಳಿಯೋಕೆ ನಾನೇ ಹೇಳಿದ್ದೆ."

ಸಾಹೇಬರು ಹೋದ ಮೇಲೆ ಕೇಳಿದೆ, "ಯಾಕಣ್ಣ ಸುಳ್ಳು ಹೇಳಿದ್ರಿ?"

"ಮೂವತ್ತು ವರ್ಷ ರಾಶಿ ತಿರುವು, ತಿರುವು ಅಂದೆ. ಯಾಕೆ ತಿರುವಬೇಕು ಅಂತ ಒಂದಿನಾದ್ರೂ ಹೇಳಿದ್ನಾ?"

ನಿಜ ಹೇಳಬೇಕೆಂದು ಎರಡು ಸಲ ಆಫೀಸಿನ ಮೆಟ್ಟಿಲವರೆಗೆ ಹೋದೆ. ನನ್ನ ಕೆಲಸ ಹೋದರೆ ಸೊಸೆಯದೂ ಹೋದೀತೆಂದು ನನಗೆ ನಾನೇ ನೆಪ ಹೇಳಿಕೊಂಡು ತಿರುಗಿ ಬಂದೆ. ಉಳಿದ ನಾನೂರು ಸಸಿ ತಟ್ಟೆಯಲ್ಲಿ ಎರಡೆಲೆ ಬಿಟ್ಟಿದ್ದವು. ಆ ಶುಕ್ರವಾರ, ಊಟದ ಹೊತ್ತಿಗೆ, ಮೇಸ್ತ್ರಿ ಸಂಬಳದ ಲೆಕ್ಕ ತೀರಿಸಿಕೊಂಡು ಹೊರಟುಹೋದರು.