ಮುಂದಿನ ಹೆಗಲು

ಮುಖಂಡನ ಹುಡುಗರು ತಮ್ಮ ಚಳವಳಿಯ ಬಾವುಟದ ತುದಿಗಳನ್ನು ಹಿಡಿದು ಶವಪೆಟ್ಟಿಗೆಯ ಮೇಲೆ ಹೊದಿಸಲು ಬಗ್ಗಿದ್ದರು. ಮೇಷ್ಟ್ರ ಹೆಂಡತಿ ಕುಳಿತಲ್ಲಿಂದಲೇ ಕೈ ಚಾಚಿ ಬಟ್ಟೆಯ ಅಂಚು ಹಿಡಿದಳು.

"ಮಡಚಿ ಇಟ್ಕೊಳ್ಳಿ ಇದನ್ನ."

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಬಾಟಲಿ ಕಾರ್ಖಾನೆಯ ಕುಲುಮೆಯ ಮುಂದೆ ಆಯುಷ್ಯ ಸವೆಸಿದವರು. ಸಂಜೆ ಹೊತ್ತು ಸಂಘದ ಕೋಣೆಯಲ್ಲಿ ಕಾರ್ಮಿಕರಿಗೆ ಪಾಠ ಹೇಳುತ್ತಿದ್ದರೆಂದು ಆ ಹೆಸರು ಅಂಟಿಕೊಂಡಿತ್ತು. ಮುಖಂಡ ಅವರ ಮೊದಲ ಶಿಷ್ಯ. ಈಗ ಅವನು ಬಂದರೆ ಬೀದಿಯ ತುಂಬ ಬೈಕುಗಳು.

ಅವನು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. "ಅತ್ತಿಗೆ, ನನ್ನ ಗುರು ಅವರು. ಇಷ್ಟೂ ಮಾಡದೆ ಹೋದ್ರೆ ಜನ ಏನಂತಾರೆ?"

"ಗುರು ಅಂದ್ಮೇಲೆ ಹೆಗಲು ಕೊಡು. ಬಟ್ಟೆ ಯಾರು ಬೇಕಾದ್ರೂ ಹೊದಿಸ್ತಾರೆ. ಮುಂದಿನ ಹೆಗಲು ನಿಂದೇ. ಸ್ಮಶಾನದ ತನಕ ನಡ್ಕೊಂಡೇ."

ಅವನ ಕಣ್ಣು ತುಂಬಿದ್ದು ಸುಳ್ಳಾಗಿರಲಿಲ್ಲ. ತುಂಬಿದ ಕಣ್ಣಲ್ಲೇ ಕ್ಯಾಮರಾ ಎಲ್ಲಿದೆ ಎಂದು ನೋಡಿಕೊಂಡದ್ದೂ ಸುಳ್ಳಾಗಿರಲಿಲ್ಲ. ಎರಡನ್ನೂ ಅವಳು ಕಂಡಳು.

*

ಸಂಘದ ಪಾಠದ ಆ ಕಾಲದಲ್ಲಿ ಅವನಷ್ಟು ಚುರುಕಾದವನು ಇನ್ನೊಬ್ಬನಿರಲಿಲ್ಲ. ವರ್ಗ ಅಂದರೆ ಬಡವ-ಬಲ್ಲಿದ ಅಂತಲ್ಲ ಎಂದು ಮೇಷ್ಟ್ರು ಶುರುಮಾಡಿದರೆ, ಕುಲುಮೆ ಯಾರದು, ಅದರ ಮುಂದೆ ಬೇಯುವವನು ಯಾರು, ಅಷ್ಟೇ ಲೆಕ್ಕ ಎಂದು ಮುಗಿಸುತ್ತಿದ್ದವನು ಅವನೇ. ಪಾಠ ಮುಗಿಸಿ ಇವರ ಮನೆಯಲ್ಲೇ ಉಣ್ಣುತ್ತಿದ್ದ. ಹೊಟ್ಟೆಬಾಕ ಮೈದುನ ಎಂದು ಅವಳು ತಮಾಷೆ ಮಾಡುತ್ತ, ತನ್ನ ಪಾಲನ್ನೂ ಅವನ ತಟ್ಟೆಗೆ ಸುರಿಯುತ್ತಿದ್ದಳು.

ಸಂಘ ಹೂಡಿದ ಮುಷ್ಕರ ಎಳೆದೂ ಎಳೆದೂ ಮನೆಮನೆಯ ಒಲೆ ತಣ್ಣಗಾದಾಗ ಅವನು ಕಾರ್ಖಾನೆಯ ಗೇಟಿನ ಮುಂದೆ ಸ್ಟೂಲು ಹತ್ತಿ ಬೇರೆಯೇ ಪಾಠ ಹೇಳಿದ. ನಮ್ಮ ಅನ್ನ ಕಿತ್ತುಕೊಂಡವನು ಮಾಲೀಕನಲ್ಲ, ಹೊರಗಿನಿಂದ ಬಂದು ಶೆಡ್ಡುಗಳಲ್ಲಿ ಬಿದ್ದಿರುವ ಜನ. ಲೋಕದಲ್ಲಿರುವುದು ದುಡಿಯುವವರು, ದುಡಿಸುವವರು ಅಂತಲ್ಲ. ನಮ್ಮವರು, ಹೊರಗಿನವರು ಅಂತ. ಅಂದು ಸಂಜೆಯೇ ಶೆಡ್ಡುಗಳಿಗೆ ದೊಣ್ಣೆ ನುಗ್ಗಿತು. ಪ್ಯಾಕಿಂಗ್ ವಿಭಾಗದ ಒಬ್ಬನ ಎರಡೂ ಕಿವಿ ಏಟಿಗೆ ಕಿವುಡಾದವು. ಅವನೂ ಮುಷ್ಕರದಲ್ಲಿ ದೊಣ್ಣೆ ಹಿಡಿದವರ ಪಕ್ಕದಲ್ಲೇ ಕೂತಿದ್ದವನು. ಒಡೆದ ಸಂಘ ವಾರವೂ ನಿಲ್ಲಲಿಲ್ಲ. ಮಾಲೀಕ ತಾನು ಹೇಳಿದ ಷರತ್ತಿಗೇ ಗೇಟು ತೆಗೆದ, ಮೇಷ್ಟ್ರನ್ನು ಹೊರಗಿಟ್ಟ. ಮುಖಂಡನ ಚಳವಳಿ ಊರೂರಿಗೆ ಹಬ್ಬಿತು. ಅದರ ಕಚೇರಿಗೆ ಜಾಗ ಕೊಟ್ಟವನು ಅದೇ ಮಾಲೀಕ.

ಕೆಮ್ಮುತ್ತ ಹಾಸಿಗೆ ಹಿಡಿದ ಮೇಲೂ ಮೇಷ್ಟ್ರು ಅವನನ್ನು ಬೈಯಲಿಲ್ಲ.

"ಅವನ ಹಿಂದೆ ಹೋದೋರೂ ನಮ್ಮವರೇ. ಅವರ ಸಿಟ್ಟು ಸರಿ ಇದೆ, ವಿಳಾಸ ತಪ್ಪು. ಅವನಿಲ್ದಿದ್ರೆ ಆ ಜಾಗಕ್ಕೆ ಇನ್ನೊಬ್ಬ ಬರ್ತಿದ್ದ. ಜಗಳ ಒಬ್ಬ ಮನುಷ್ಯನ ಜೊತೆ ಅಲ್ಲ ಕಣೆ."

"ನಿಮ್ಮ ಜಗಳ ಮನುಷ್ಯನ ಜೊತೆ ಅಲ್ದೇ ಇರ್ಬಹುದು," ಎಂದಿದ್ದಳು ಅವಳು, ಬೆನ್ನು ನೀವುತ್ತ. "ನಂಗೆ ಮುಖ ಬೇಕು. ವರ್ಗದ ಮುಖಕ್ಕೆ ಉಗಿಯೋಕಾಗಲ್ಲ."

*

ಪೆಟ್ಟಿಗೆ ಎತ್ತುವ ಹೊತ್ತಿಗೆ ಅವಳು ಅಂಗಳದ ಹಿಂದಿನಿಂದ ಹೆಗಲು ಕೊಡಬೇಕಾದ ಉಳಿದ ಮೂವರನ್ನು ಕರೆದಳು. ಮೂವರೂ ಶೆಡ್ಡಿನವರು. ಕಿವಿ ಕಳಕೊಂಡವನನ್ನು ಮುಖಂಡನ ಜೋಡಿಗೆ ನಿಲ್ಲಿಸಿದಳು. ಬೆಳಿಗ್ಗೆಯೇ ಅವನ ಬಾಗಿಲಿಗೆ ಹೋಗಿ ಕೈಸನ್ನೆಯಲ್ಲಿ ಕೇಳಿದ್ದಳು. ಅವನು ಮೇಷ್ಟ್ರಿಗಾಗಿ ಎಂದು ಎದೆ ಮುಟ್ಟಿ ತೋರಿಸಿದ್ದ. ತಾನು ಕರೆದದ್ದು ಅದೊಂದಕ್ಕೇ ಅಲ್ಲ ಎಂದು ಅವಳು ಹೇಳಿರಲಿಲ್ಲ.

ಮುಖಂಡ ಅವನನ್ನು ಗುರುತಿಸಿದ. ಅಷ್ಟರಲ್ಲಿ ಭಾರ ಹೆಗಲಿಗೆ ಬಂದಾಗಿತ್ತು. ಪೆಟ್ಟಿಗೆ ಜಾರದಿರಬೇಕಾದರೆ ಮುಂದಿನ ಇಬ್ಬರೂ ಒಬ್ಬರ ಭುಜ ಒಬ್ಬರು ಬಳಸಿ ಹಿಡಿಯಲೇಬೇಕು. ಹಿಡಿದರು.

ತಿರುವಿನಲ್ಲಿ ಮುಖಂಡನ ವ್ಯಾನು ಬಾಗಿಲು ತೆರೆದು ಕಾಯುತ್ತಿತ್ತು. ಮುಂದೆ ನಡೆಯುತ್ತಿದ್ದ ಅವಳು ಅದನ್ನು ದಾಟಿ ಶೆಡ್ಡುಗಳ ದಾರಿ ಹಿಡಿದಳು. ತಗಡಿನ ಬಾಗಿಲುಗಳು ತೆರೆದುಕೊಂಡವು. ಗಂಡಸರು, ಹೆಂಗಸರು ಹೊರಬಂದು ಹಿಂದೆ ಸೇರಿಕೊಂಡರು. ಮುಖಂಡನ ಅಂಗಿ ಬೆನ್ನಿಗೆ ಅಂಟಿತ್ತು.

"ಅತ್ತಿಗೆ, ಗೇಟು ಬರೋಕೆ ಮುಂಚೆ ಯಾರಾದ್ರೂ ಹೆಗಲು ಬದಲಾಯಿಸ್ಲಿ. ದಮ್ಮಯ್ಯ."

ಅವಳು ತಿರುಗಿ ನೋಡಲಿಲ್ಲ. "ಬದಲಾಯಿಸೋದು ನಿಂಗೆ ಹೊಸದಲ್ಲ. ಇವತ್ತೊಂದಿನ ಹೊರು."

ಕಾರ್ಖಾನೆಯ ಗೇಟಿನಲ್ಲಿ ಪಾಳಿ ಬಿಟ್ಟಿತ್ತು. ಅವನ ಜನ ಬಾವುಟ ಹಿಡಿದು ಎರಡೂ ಬದಿ ನಿಂತಿದ್ದರು. ಹೊರಗಿನವರ ವಿರುದ್ಧ ಮೊದಲು ಎದ್ದು ನಿಂತ ಮೇಷ್ಟ್ರು ಎಂದು ಧ್ವನಿವರ್ಧಕ ಸಾರುತ್ತಿತ್ತು. ಪೆಟ್ಟಿಗೆ ಹೊತ್ತವರು ಯಾರೆಂದು ಕಂಡದ್ದೇ ಅದು ಅರ್ಧಕ್ಕೆ ನಿಂತಿತು.

ಸಾಲಿನಿಂದ ಒಬ್ಬ ಯುವಕ ಮುಂದೆ ಬಂದ. ಅವನ ಕುತ್ತಿಗೆಯ ನರ ಉಬ್ಬಿತ್ತು. "ಅಣ್ಣಾ, ಯಾರ ಹೆಗಲ ಮೇಲೆ ಕೈ ಹಾಕಿದ್ದೀಯ?"

ಮುಖಂಡ ಕೈ ತೆಗೆದರೆ ಪೆಟ್ಟಿಗೆ ಉರುಳುತ್ತಿತ್ತು.

ಗಂಡ ಇದ್ದಿದ್ದರೆ ಬೇಡ ಬಿಡೇ ಅನ್ನುತ್ತಿದ್ದರು ಎಂದು ಅವಳಿಗೆ ಗೊತ್ತಿತ್ತು. ಗೇಟಿನ ಎದುರಿಗೆ ಸರಿಯಾಗಿ ಬಂದಾಗ ಅವಳು ಹೆಜ್ಜೆಯನ್ನು ನಿಧಾನ ಮಾಡಿದಳು, ಮತ್ತೂ ನಿಧಾನ ಮಾಡಿದಳು. ಹಿಂದಿನವರೆಲ್ಲ ಅವಳ ಹೆಜ್ಜೆಗೇ ಹೆಜ್ಜೆ ಇಟ್ಟರು.